ಮಡಿಯ ಬುಟ್ಟಿ

ಬೆಕ್ಕು ಅಳಿಲನ್ನು ಕಚ್ಚಿಕೊಂಡು ಅಡುಗೆಮನೆಗೆ ನುಗ್ಗಿದಾಗ ಸೊಸೆ ಮೊದಲು ಬಚ್ಚಲಿನ ಕಡೆ ನೋಡಿದಳು; ಅತ್ತೆ ಸ್ನಾನಕ್ಕೆ ಹೋಗಿದ್ದರು. ತವರಿನಿಂದ ಅವಳೇ ತಂದ ಬೆಕ್ಕು. ಮೊನ್ನೆ ಅದು ಪಿಕಳಾರ ಹಕ್ಕಿಯ ಮರಿಯೊಂದನ್ನು ಹಿಡಿದು ತಂದಾಗ ಅತ್ತೆ ಸೂರು ಹಾರಿಹೋಗುವಂತೆ ಕೂಗಾಡಿದ್ದರು. "ಇದನ್ನ ತಿಪ್ಪೆಗೆ ಎಸೆದು ಬರ್ತೀನಿ. ಇನ್ನೊಂದು ಸಲ ಏನಾದ್ರೂ ತರಲಿ, ಈ ಬೆಕ್ಕನ್ನೇ ಗೋಣಿಚೀಲಕ್ಕೆ ತುಂಬಿ ಹೊಳೆಯಾಚೆ ಬಿಡಿಸ್ತೀನಿ!"

ಬೆಕ್ಕಿನ ಬಾಯಿ ಬಿಡಿಸಿ ಅಳಿಲನ್ನು ಸೆರಗಿಗೆ ಹಾಕಿಕೊಂಡಳು. ಉಸಿರಾಡುತ್ತಿತ್ತು. ಬೆನ್ನಿನಿಂದ ರಕ್ತ ಜಿನುಗುತ್ತಿತ್ತು.

"ಏನೇ ಅದು ಸದ್ದು?" ಬಚ್ಚಲಿನಿಂದ ಅತ್ತೆ ಕೂಗಿದರು. "ಬೆಕ್ಕು ಮತ್ತೇನಾದ್ರೂ ತಂತಾ?"

"ಇಲ್ಲ ಅತ್ತೆ, ಲೋಟ ಬಿತ್ತು."

ರಕ್ತ ಒರೆಸಲು ಹತ್ತಿ ಬೇಕಿತ್ತು. ಮನೆಯಲ್ಲಿ ಹತ್ತಿ ಇದ್ದದ್ದು ದೇವರ ಕೋಣೆಯಲ್ಲಿ, ಅತ್ತೆ ಬತ್ತಿ ಹೊಸೆಯಲು ಇಟ್ಟುಕೊಂಡ ಬೆತ್ತದ ಬುಟ್ಟಿಯಲ್ಲಿ ಮಾತ್ರ. ಅದು ಮಡಿಯ ಬುಟ್ಟಿ. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ನೀರಿನ ಸದ್ದು ನಿಂತಿತು. ಬಚ್ಚಲ ಚಿಲಕ ಸರಿಯಿತು.

"ಎಲ್ಲಿ ಹೋದ್ಯೇ?"

ಯೋಚಿಸಲು ಹೊತ್ತಿರಲಿಲ್ಲ. ಸೊಸೆ ದೇವರ ಕೋಣೆಗೆ ಓಡಿ ಬುಟ್ಟಿಯ ಮುಚ್ಚಳ ಎತ್ತಿದಳು.

ಹತ್ತಿಯ ನಡುವೆ, ರೆಕ್ಕೆಗೆ ಅರಿಶಿನ ಮೆತ್ತಿಸಿಕೊಂಡ ಪಿಕಳಾರದ ಮರಿ ತುತ್ತಿಗಾಗಿ ಬಾಯಿ ತೆರೆಯಿತು.