ಗರಗಸಕ್ಕೆ ಕಟ್ಟಿದ ಕಂಕಣ

"ಹೀಂಗ ಬ್ಯಾಡ್ರಿ. ಕಂಕಣ ಬಿಚ್ಚಿ ಕೊಯ್ರಿ," ಎಂದಳು ಪಾರ್ವತೆಮ್ಮ. ಗಂಡ ಬಡಿಗೇರ ಮೌನಪ್ಪನ ಕೈಯಲ್ಲಿ ಕರೆಂಟಿನ ಗರಗಸವಿತ್ತು. ಅದರ ದುಂಡು ಅಲಗಿನ ಕೆಳಭಾಗವನ್ನು ಮುಚ್ಚಿಕೊಂಡಿರಬೇಕಾದ ಗಾರ್ಡು ಮೇಲೆ ಸರಿದಿತ್ತು. ಅರಿಶಿಣದ ದಾರ ಅದನ್ನು ಹಿಡಿಕೆಗೆ ಬಿಗಿದು ನಿಲ್ಲಿಸಿತ್ತು. ಹಲ್ಲುಗಳು ಬಯಲಾಗಿದ್ದವು.

ಕಟ್ಟಿದವಳು ಅತ್ತೆ ತಿಮ್ಮವ್ವ. ಹಿಂದಿನ ದಿನ ಆಯುಧ ಪೂಜೆ. ಉಳಿ, ಬಾಚಿ, ಕೊಡತಿ ಎಲ್ಲಕ್ಕೂ ವಿಭೂತಿ ಹಚ್ಚಿದ ಮುದುಕಿಗೆ ಈ ಹೊಸ ಮಷೀನಿನ ಅಲಗು ಮಾತ್ರ ಸಿಕ್ಕಿರಲಿಲ್ಲ. ಗಾರ್ಡನ್ನು ಎತ್ತಿದಷ್ಟು ಸಲವೂ ಅದು ಬಂದು ಮುಚ್ಚಿಕೊಳ್ಳುತ್ತಿತ್ತು. ಮುಖ ಮುಚ್ಚಿಕೊಂಡ ದೇವರಿಗೆ ಪೂಜೆ ಹೇಗೆ ಮಾಡುವುದು? ಎತ್ತಿ ಹಿಡಿದು ಕಂಕಣದಿಂದಲೇ ಬಿಗಿದಿದ್ದಳು. ಆ ಮನೆಯಲ್ಲಿ ಕಂಕಣವನ್ನು ಯಾರೂ ಬಿಚ್ಚುವುದಿಲ್ಲ. ಅದಾಗಿಯೇ ಸವೆದು ಬೀಳಬೇಕು.

"ನಿಮ್ಮಪ್ಪನ ಮನ್ಯಾಗ ಉಳಿಗಿ ಕಂಕಣ ಕಟ್ಟಲ್ಲೇನು?" ಮಗನ ಬೆನ್ನ ಹಿಂದೆ ಗೋಡೆಗೆ ಒರಗಿ ಕೂತು ತಿಮ್ಮವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಉಳಿ ತಾನಾ ತಿರಗಂಗಿಲ್ಲ ಅತ್ತಿ."

"ನೋಡಪ್ಪ, ನಿನ್ನ ಹೇಣ್ತಿ ನನಗ ಬಡಿಗತನ ಕಲಸಾಕತ್ತಾಳ."

ಮೌನಪ್ಪ ನಕ್ಕ. "ಒಂದ ಹಲಗಿ ಅದ ಪಾರ್ವತಿ. ಹತ್ತಿಗುಡೂರಿನ ಟ್ರ್ಯಾಕ್ಟರ್ ಬಂದು ನಿಂತದ. ಹಬ್ಬದಾಗ ಅವ್ವನ ಮನಸ್ಸು ಯಾಕ ಕೆಡಸ್ಲಿ? ನೋಡ್ಕೋತ ಕೊಯ್ತೀನಿ, ನೀ ಹಿಡಿ." ಆ ಊರಲ್ಲಿ ಕಾಲುವೆಯ ನೀರಿಗೆ ಭತ್ತ ಬೆಳೆದವರು ಕಟ್ಟಿಸಿದ ಹೊಸ ಮನೆಗೆ ಬಾಗಿಲು ಒಯ್ಯಲು ಬಂದ ಟ್ರ್ಯಾಕ್ಟರ್ ಅದು. ಅಂದೇ ಬಾಗಿಲು ಕೂರಬೇಕಿತ್ತು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಲಗಿನ ನೇರಕ್ಕೆ ನಿಲ್ಲದೆ, ಬದಿಗೆ ಸರಿದು ಹಲಗೆಯ ತುದಿ ಹಿಡಿದಳು. ಮಷೀನು ಕೂಗಿತು. ಹಲ್ಲುಗಳು ಕ್ಷಣದಲ್ಲಿ ಕಾಣದಾದವು. ಅಲಗು ತಿರುಗುತ್ತಿದೆ ಎಂದು ಹೇಳುವಂತಿರಲಿಲ್ಲ. ಬಾವಿಯ ತಳದ ನೀರಿನ ಹಾಗೆ ದುಂಡಗೆ, ತಣ್ಣಗೆ, ನಿಂತೇ ಬಿಟ್ಟಂತಿತ್ತು. ಮಾವ ಬದುಕಿದ್ದಾಗ ಕೈಗರಗಸದಿಂದ ಬೆವರಿಳಿಸಿಕೊಂಡು ಕೊಯ್ಯುತ್ತಿದ್ದಂಥ ಸಾಗವಾನಿ ಹಲಗೆಯನ್ನು ಅದು ಒಂದು ಉಸಿರಿನಲ್ಲಿ ದಾಟಿತು.

ಮೌನಪ್ಪ ಗುಂಡಿ ಬಿಟ್ಟ. ಕೊಯ್ಯುವವರೆಗೂ ಎಚ್ಚರವಿತ್ತು. ಕೊಯ್ದಾದ ಮೇಲೆ ಅವನ ಕೈ ದಿನದ ರೂಢಿಯಂತೆ ಮಷೀನನ್ನು ನೆಲಕ್ಕಿಟ್ಟಿತು. ಬೇರೆ ದಿನವಾದರೆ ಅಷ್ಟರೊಳಗೆ ಗಾರ್ಡು ಮುಚ್ಚಿರುತ್ತಿತ್ತು. ಇವತ್ತು ಅಲಗು ಬಯಲಾಗಿಯೇ ಇತ್ತು, ಇನ್ನೂ ತಿರುಗುತ್ತಿತ್ತು.

ನೆಲಕ್ಕೆ ಹಾಸಿದ ಪರಸಿ ಕಲ್ಲಿಗೆ ಹಲ್ಲು ತಾಗಿದ್ದೇ ತಡ, ಮಷೀನು ಹಿಂದಕ್ಕೆ ಓಡಿತು. ಕಿಡಿ ಕಾರುತ್ತ ಮೌನಪ್ಪನ ಎರಡು ಕಾಲುಗಳ ನಡುವೆ ಹಾದು, ವಾಯರನ್ನು ಎಳೆದುಕೊಂಡು ಹೋಗಿ, ತಿಮ್ಮವ್ವನ ಮುಂದೆ ಮಗ್ಗುಲಾಗಿ ಬಿತ್ತು. ಅಲ್ಲಿಯೂ ತಿರುಗಿತು. ಆಮೇಲೆ ಹಲ್ಲುಗಳು ಒಂದೊಂದಾಗಿ ಕಾಣಿಸಿಕೊಂಡವು.

ಮೌನಪ್ಪನ ಪ್ಯಾಂಟಿನ ಅಂಚು ಸೀಳಿತ್ತು, ಒಳಗೆ ಗೀರೂ ಇರಲಿಲ್ಲ. ಕಲ್ಲಿನ ಮೇಲೆ ಸೂತ್ರ ಹಿಡಿದು ಎಳೆದಂಥ ಒಂದು ಬಿಳಿ ಗೆರೆ. ಗೆರೆ ಮುಗಿದಲ್ಲಿಂದ ತನ್ನ ಮೊಣಕಾಲಿಗೆ ಎಷ್ಟು ದೂರ ಎಂದು ತಿಮ್ಮವ್ವ ಬೆರಳಿಟ್ಟು ನೋಡಿದಳು. ನಾಲ್ಕು ಬೆರಳು. ಅಡಕತ್ತರಿ ಕೈಗೆತ್ತಿಕೊಂಡಳು.

"ಯವ್ವಾ, ಕಂಕಣ ಅದು," ಎಂದ ಮೌನಪ್ಪ.

"ಸುಮ್ಕಿರು."

"ತಡೀರಿ ಅತ್ತಿ." ಪಾರ್ವತೆಮ್ಮ ಹೋಗಿ ಗೋಡೆಯಿಂದ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದು ನಿಂತಳು. "ಹ್ಞಾಂ, ಈಗ. ಬೆರಳು ಅಲಗಿನ ಕಡಿ ಒಯ್ಯಬ್ಯಾಡ್ರಿ."

ದಾರ ತುಂಡಾಯಿತು. ಗಾರ್ಡು ಟಪ್ಪೆಂದು ಬಂದು ಹಲ್ಲುಗಳನ್ನು ಮುಚ್ಚಿತು. ಮುದುಕಿ ಬೆಚ್ಚಿ ಕೈ ಎಳೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಗಾರ್ಡಿನ ಹಿಡಿಯನ್ನು ಒಂದೇ ಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟಳು. ಮುಚ್ಚಿತು. ಮತ್ತೆ ಎತ್ತಿದಳು. ಮತ್ತೆ ಮುಚ್ಚಿತು. ಹೊರಗೆ ಟ್ರ್ಯಾಕ್ಟರಿನವನು ಹಾರ್ನ್ ಒತ್ತುತ್ತಿದ್ದ. ಅವಳಿಗೆ ಕೇಳಿಸಿದಂತಿರಲಿಲ್ಲ.

"ಎಷ್ಟ ಸಲ ಎತ್ತಿದ್ರೂ ಬರ್ತದಲ್ಲೋ ಯಪ್ಪ," ಎಂದಳು, ದನಿ ತಗ್ಗಿಸಿ. "ಕಾಯೋ ಕೈನ ಕಟ್ಟಿಹಾಕಿದ್ದೆ ನಾ."