ಸಿನಿಮಾದ ಕ್ರಯಪತ್ರ

"ನನ್ನ ಸಿನಿಮಾನ ಇನ್ಯಾರಿಗೆ ಮಾರ್ಕೊಂಡೆ?"

ಮುದ್ದಯ್ಯ ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ, ರಿಪೇರಿಗೆಂದು ಬಿಚ್ಚಿಟ್ಟಿದ್ದ ಸ್ಕ್ರೂಗಳು ಉರುಳಿದವು. ಮಳವಳ್ಳಿ ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟಿದ್ದ ನುಜ್ಹತ್ ಅವನ್ನು ಒಂದೊಂದಾಗಿ ಹೆಕ್ಕಿದಳು. ಶುಕ್ರವಾರ ಆ ಹಳೆಯ ಸಿನಿಮಾವನ್ನು ಅವನ ಮೊಬೈಲಿಗೆ ಹಾಕಿಕೊಟ್ಟವಳು ಅವಳೇ. ಇವತ್ತು ಸೋಮವಾರ, ಸಿನಿಮಾ ಮಾಯವಾಗಿತ್ತು.

"ಮಾರಿಲ್ಲ ಅಪ್ಪಾಜಿ. ಒಂದ್ಸಲ ನೋಡ್ತೀರೇನೋ ಅಂತ ಬಾಡಿಗೆಗೆ ಹಾಕಿದ್ದೆ. ನೋಡಕ್ಕೆ ಸುರು ಮಾಡಿದ್ ಮೇಲೆ ಎರಡು ದಿನ. ಆಮೇಲೆ ಅದೇ ಹೊಂಟೋಯ್ತದೆ."

"ಬಾಡಿಗೇನಾ? ಯಾರನ್ನ ಕೇಳಿ ಹಾಕ್ದೆ?"

ಮುದ್ದಯ್ಯ ನಂಬಲಿಲ್ಲ. ನಂಬಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಮೂವತ್ತೆಂಟು ವರ್ಷ ಕ್ರಯಪತ್ರ ಬರೆದವನು. ಒಂದೇ ಸೈಟನ್ನು ಬೆಳಿಗ್ಗೆ ಒಬ್ಬರಿಗೆ, ಸಂಜೆ ಇನ್ನೊಬ್ಬರಿಗೆ ಮಾರಿದ ಪುಣ್ಯಾತ್ಮರನ್ನು ಕಣ್ಣಾರೆ ಕಂಡವನು. ಮೊಸರಲ್ಲಿ ಕಲ್ಲು ಹುಡುಕುವುದೇ ಅವನ ಕಸುಬಾಗಿತ್ತು, ಸುಳ್ಳು ಯಾಕೆ, ಎಷ್ಟೋ ಸಲ ಕಲ್ಲು ಸಿಕ್ಕಿಯೂ ಇತ್ತು.

ಆದರೆ ಇವತ್ತು ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ದಿಗಿಲಾಗಿತ್ತು. ಮದುವೆಯಾದ ಹೊಸದರಲ್ಲಿ ಹಲಗೂರಿನಲ್ಲಿ ಆ ಸಿನಿಮಾದ ಶೂಟಿಂಗ್ ನಡೆದಾಗ, ಅವನ ಹೆಂಡತಿ ಸಣ್ಣತಾಯಮ್ಮ ಕುಕ್ಕೆ ಹೊತ್ತು ರಸ್ತೆ ದಾಟಿದ್ದಳು. ದಾಟುವಾಗ ಕ್ಯಾಮೆರಾದ ಕಡೆ ತಿರುಗಿ ನಕ್ಕುಬಿಟ್ಟಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಮನೆಯ ಫೋಟೋಗಳಲ್ಲೆಲ್ಲ ಅವಳು ಬಿಗಿದುಕೊಂಡು ನಿಂತವಳೇ. ನಗುವುದು ಆ ಸಿನಿಮಾದಲ್ಲಿ ಮಾತ್ರ. ಇದನ್ನು ಅವನು ನುಜ್ಹತ್‌ಗೆ ಹೇಳಿರಲಿಲ್ಲ. ಊರಿಗೆಲ್ಲ ಸಾರಿಯಾಳು ಎಂಬ ಅನುಮಾನ.

"ಬಾಡಿಗೆ ಬ್ಯಾಡ ಅಂದ್ರೆ ಕೊಂಡ್ಕೊಂಡ್ಬುಡಿ ಅಪ್ಪಾಜಿ. ರೇಟು ಜಾಸ್ತಿ, ಆದ್ರೆ ನಿಮ್ದೇ ಆಗ್ಬುಡ್ತದೆ."

"ನಂದೇ ಅಂತ ಯೋಳಕ್ಕೆ ಪತ್ರ ಎಲ್ಲದೆ? ಓದು."

ಪತ್ರವೆಂದರೆ ಷರತ್ತುಗಳು. ಮಿಕ್ಕ ಗಿರಾಕಿಗಳು ಕಣ್ಣು ಮುಚ್ಚಿ 'ಒಪ್ಪಿದೆ' ಎಂದು ಒತ್ತುವ ಜಾಗ. ನುಜ್ಹತ್ ನಕ್ಕಳು. ಮುದ್ದಯ್ಯ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟ. ವಿಧಿಯಿಲ್ಲದೆ ಅವಳು ಅದನ್ನು ಕನ್ನಡಕ್ಕೆ ತಿರುಗಿಸಿ ಓದತೊಡಗಿದಳು. ಹನ್ನೊಂದನೆಯ ಕಲಮಿಗೆ ಅವನು ಕೈ ಎತ್ತಿದ.

"ನಿಲ್ಸು. ಇನ್ನೊಂದ್ಸಲ ಓದು."

"ಕೊಂಡ ಚಿತ್ರವನ್ನೂ ಯಾವುದೇ ಸಮಯದಲ್ಲಿ, ಮುನ್ಸೂಚನೆ ಇಲ್ಲದೆ ತೆಗೆದುಹಾಕುವ ಹಕ್ಕು ಕಂಪನಿಗೆ ಇರುತ್ತದೆ." ಓದುತ್ತ ಓದುತ್ತ ಅವಳ ದನಿ ಇಳಿಯಿತು. "ಅಲ್ಲಾಹ್ ಆಣೆಗೂ ಇದು ನಂಗೆ ಗೊತ್ತಿರ್ಲಿಲ್ಲ ಅಪ್ಪಾಜಿ."

"ನೋಡ್ದಾ? ಕ್ರಯ ಅಂದ್ರೆ ಮಕ್ಳು ಮೊಮ್ಮಕ್ಳ ಕಾಲಕ್ಕೂ ಇರ್ಬೇಕು. ಭೋಗ್ಯಕ್ಕಾದ್ರೂ ಇಂತಿಷ್ಟು ವರ್ಸ ಅಂತ ಬರೀತೀವಿ. ಇಂಥ ಪತ್ರ ನಾನು ಬರ್ದಿದ್ರೆ ಜನ ಎಕ್ಕಡ ತಗಂಡು ಒಡೀತಿದ್ರು ಕಣವ್ವ!"

ಗೆದ್ದೆನೆಂಬ ಹಿಗ್ಗು ಅವನ ಮುಖದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೊಬೈಲಿನಲ್ಲಿ 'ಕೊಳ್ಳಿ', 'ಬಾಡಿಗೆ' ಎಂಬ ಎರಡು ಗುಂಡಿಗಳು ಹಾಗೇ ಇದ್ದವು. ಅವನು ಎರಡನೆಯದರ ಕಡೆ ಬೆರಳು ತೋರಿಸಿದ.

"ಬಾಡಿಗೆಗೇ ಹಾಕವ್ವ."

"ಮತ್ತೆ ಎರಡೇ ದಿನ ಅಪ್ಪಾಜಿ. ಆಮೇಲೆ ಹೊಂಟೋಯ್ತದೆ."

"ಓಗ್ಲಿ. ಯಾವತ್ತು ಓಯ್ತೀನಿ ಅಂತ ಯೋಳ್ಯಾದ್ರೂ ಓಯ್ತದಲ್ಲ. ನಮ್ಮನೇವ್ಳು, 'ಕಾಪಿಗಿಟ್ಟಿವ್ನಿ, ಇರಿ' ಅಂದೋಳು ಒಲೆ ಮುಂದ್ಲಿಂದ ಏಳ್ಲೇ ಇಲ್ಲ."