ಅಂಚಿನಲ್ಲಿಟ್ಟ ಬೆರಳು

"ಸುಳ್ಳ ಹೇಳಬ್ಯಾಡ್ರಿ ಮಾಸ್ತರ. ನಾ ಬೇಕಂತನ ಸ್ವರದ ಮನಿ ಬಿಟ್ಟು ಅದರ ಅಂಚಿನ್ಯಾಗ ಬೆರಳಿಟ್ಟೀನಿ. ಮೂರು ಸಲ ಇಟ್ಟೀನಿ. ಮೂರೂ ಸಲ ಸ್ವರ ಸರಿ ಬಂತು. ಹೆಂಗ ಬಂತು ಹೇಳ್ರಿ."

ಶಬ್ಬೀರ ಕೇಳಿದ್ದಕ್ಕೆ ಮಾಸ್ತರ ಚಿನ್ಮಯ್ ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಘಾಟ್ಕೋಪರಿನ ಎರಡನೇ ಮಹಡಿಯ ಕೋಣೆಯಲ್ಲಿ, ಇಬ್ಬರ ನಡುವಿನ ಮೇಜಿನ ಮೇಲೆ ಬೆರಳಿನಿಂದ ಒತ್ತಿ ನುಡಿಸುವ ಎಲೆಕ್ಟ್ರಾನಿಕ್ ಪ್ಯಾಡ್ ಮಿನುಗುತ್ತಿತ್ತು. ತಂತಿಯಿಲ್ಲ, ಊದುವುದಿಲ್ಲ, ಚದುರಂಗದ ಮಣೆಯಂತೆ ಸಾಲು ಸಾಲು ಮನೆಗಳು, ಮನೆಗೊಂದು ಸ್ವರ. ಒತ್ತಿದಷ್ಟೂ ದನಿ ಏರುತ್ತದೆ, ಬೆರಳು ಪಕ್ಕಕ್ಕೆ ಜಾರಿದರೆ ಸ್ವರವೂ ಜಾರುತ್ತದೆ. ಪಿಟೀಲಿನ ಹಾಗೆಯೇ, ಎಂದು ಮೊದಲ ದಿನ ಚಿನ್ಮಯ್ ಹೇಳಿದ್ದ. ಆ ಒಂದು ಮಾತು ನಂಬಿ ಶಬ್ಬೀರ ನಾಲ್ಕು ತಿಂಗಳಿಂದ ವಾರಕ್ಕೆ ಮೂರು ಸಂಜೆ ಭಾಂಡುಪಿನ ಗ್ಯಾರೇಜಿನಿಂದ ನೇರವಾಗಿ ಇಲ್ಲಿಗೆ ಬರುತ್ತಿದ್ದ. ಹದಿನೆಂಟು ವರ್ಷ ತತ್ವಪದದ ಮೇಳದಲ್ಲಿ ಪಿಟೀಲು ಬಾರಿಸಿದವನು. ಕಾರಿನ ಜಾಕು ಜಾರಿ ಎಡಗೈಯ ಎರಡು ಬೆರಳು ಜಜ್ಜಿಹೋಗಿದ್ದವು. ಕಮಾನು ಹಿಡಿಯುವುದು ಬಿಟ್ಟು ಬೇರೇನೂ ತಿಳಿಯದ ತನ್ನ ಬಲಗೈಗೆ ಅವನು ಐವತ್ತೆರಡನೇ ವಯಸ್ಸಿನಲ್ಲಿ ಸರಿಗಮ ಕಲಿಸುತ್ತಿದ್ದ.

"ಸೆಟ್ಟಿಂಗ್ ಇದೆ ಅಂಕಲ್," ಎಂದ ಚಿನ್ಮಯ್ ಕೊನೆಗೆ. "ಕರೆಕ್ಷನ್ ಅಂತ. ಬೆರಳು ಸ್ವಲ್ಪ ಆಚೆ ಈಚೆ ಬಿದ್ರೂ ಅದೇ ಸರಿ ಮಾಡ್ಕೊಳ್ಳುತ್ತೆ. ಸಬ್ ಲೋಗ್ ಆನ್ ಇಡ್ತಾರೆ."

"ಯಾವಾಗಿಂದ ಹಚ್ಚೀರಿ?"

"ಮೊದಲನೇ ದಿನದಿಂದ."

ಶಬ್ಬೀರನ ಕಿವಿಗೆ ಸಂಶಯ ಬಂದು ತಿಂಗಳಾಗಿತ್ತು. ಇಷ್ಟು ಬೇಗ ಇಷ್ಟು ಶುದ್ಧ ಸ್ವರ ಯಾರ ಕೈಗೂ ಬರುವುದಿಲ್ಲ ಎಂದು ಅದಕ್ಕೆ ಗೊತ್ತಿತ್ತು. ಆದರೆ ಕಳೆದ ವಾರ ಮೇಳದ ಹಿರಿಯ ಯಲ್ಲಾಲಿಂಗ ಇದೇ ಕೋಣೆಯಲ್ಲಿ ಕೂತು ಕೇಳಿ, ಶನಿವಾರದ ಭಜನೆಗೆ ಮತ್ತೆ ನಿನ್ನ ಜಾಗದಲ್ಲಿ ಬಂದು ಕೂಡು ಎಂದು ತೋಳು ಹಿಡಿದು ಹೇಳಿದ್ದ. ಆಮೇಲೆ ಶಬ್ಬೀರ ಕಿವಿಯ ಮಾತು ಕೇಳಲೇ ಇಲ್ಲ. ಅದಕ್ಕೆ ತನ್ನ ಮೇಲೆ ಬರಬೇಕಾದ ಸಿಟ್ಟೂ ಈಗ ಚಿನ್ಮಯ್ ಮೇಲೆಯೇ ಬಂತು.

"ಡೆಂಟ್ ಬಡದು ತೆಗ್ಯಾಕ ಬರಲಾರದವರು ಪುಟ್ಟಿ ಮೆತ್ತಿ ಬಣ್ಣ ಹೊಡೀತಾರ. ಅಂಥವರನ್ನ ನಾ ಗ್ಯಾರೇಜಿನ್ಯಾಗ ನಿಂದ್ರಗೊಡೂದಿಲ್ಲ. ನೀ ನನ್ನ ಕೈಗೇ ಪುಟ್ಟಿ ಮೆತ್ತಿದಿ." ತನ್ನ ಅರ್ಧ ವಯಸ್ಸಿನ ಮಾಸ್ತರನನ್ನು ಅವನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. "ತೆಗಿ ಅದನ್ನ."

ಚಿನ್ಮಯ್ ಗುಂಡಿ ಒತ್ತಿದ. ಶಬ್ಬೀರ ನಿದ್ದೆಯಲ್ಲೂ ಬಾರಿಸಬಲ್ಲ ಪದವೊಂದನ್ನು ಎತ್ತಿಕೊಂಡ. ಷಡ್ಜ ತುಸು ಮೇಲೆ ಬಂತು, ಗಾಂಧಾರ ಕೆಳಗೆ. ಪಂಚಮಕ್ಕೆಂದು ಜಾರಿಸಿದ ಬೆರಳು ಅದನ್ನು ದಾಟಿ ಎಲ್ಲೋ ಹೋಗಿ ನಿಂತಿತು. ಎರಡನೇ ಸಾಲಿಗೆ ಅವನೇ ಕೈ ತೆಗೆದ.

"ಇದಕ್ಕೇ ಹೇಳಲಿಲ್ಲ," ಎಂದ ಚಿನ್ಮಯ್. "ಹೇಳಿದ್ರೆ ನೀವು ಎರಡನೇ ವಾರಾನೇ ಬಿಟ್ಟು ಹೋಗ್ತಿದ್ರಿ."

"ಹೋಗ್ತಿದ್ದೆ. ಇಲ್ಲಾ ಇಷ್ಟೊತ್ತಿಗೆ ಕಲೀತಿದ್ದೆ. ಎರಡರಾಗ ಯಾವುದಂತ ಈಗ ನನಗ ಹೆಂಗ ಗೊತ್ತಾಗಬೇಕು?"

"ಶನಿವಾರ ಪ್ಯಾಡ್ ನಾನೇ ತಂದ್ಕೊಡ್ತೀನಿ ಅಂಕಲ್. ಆನ್ ಇಟ್ಕೊಂಡು ನುಡಿಸಿ. ಕಿಸೀಕೋ ಪತಾ ನಹೀ ಚಲೇಗಾ, ಯಾರಿಗೂ ಗೊತ್ತಾಗಲ್ಲ."

ಶಬ್ಬೀರ ಮೊಬೈಲ್ ತೆಗೆದು ಯಲ್ಲಾಲಿಂಗನಿಗೆ ಫೋನು ಹಚ್ಚಿದ, ಸ್ಪೀಕರಿಗೆ ಹಾಕಿದ. "ಶನಿವಾರ ನಾ ಕೂಡೂದಿಲ್ಲೋ ಯಲ್ಲಣ್ಣಾ."

"ಯಾಕೋ? ಎಲ್ಲಾರಿಗೂ ಹೇಳಿಬಿಟ್ಟೀನಿ. ಹ್ವಾದ ವಾರ ಎಷ್ಟ ಚಂದ ಬಾರಿಸಿದಿ."

"ಅವತ್ತ ಬಾರಿಸಿದಾಂವ ನಾ ಅಲ್ಲ." ಆ ಕಡೆಯಿಂದ ಪ್ರಶ್ನೆ ಬರುವ ಮೊದಲೇ ಕಟ್ ಮಾಡಿದ.

"ಪಾಗಲ್ ಹೋ ಕ್ಯಾ?" ಚಿನ್ಮಯ್ ಎದ್ದು ನಿಂತ. ಅವನಿಗೂ ಸಿಟ್ಟು ಬಂದಿತ್ತು. "ನಾಲ್ಕು ತಿಂಗಳು ನಾನೂ ಗಂಟಲು ಹರ್ಕೊಂಡು ಕಲಿಸಿದ್ದೀನಿ. ಒಂದು ಫೋನಲ್ಲಿ ನಿಮ್ಮದೂ ಹಾಳು ಮಾಡ್ಕೊಂಡ್ರಿ, ನನ್ನ ಹೆಸರೂ ಕೆಡಿಸಿದ್ರಿ."

"ಕಲಿಸಿದ್ಯಾ? ಹಂಗಾರ ಕೂಡು. ನೀ ಬಾರಿಸು. ಅದು ಆಫೇ ಇರಲಿ."

ಚಿನ್ಮಯ್ ಧಡಕ್ಕನೆ ಕೂತು ಷಡ್ಜದ ಮೇಲೆ ಬೆರಳಿಟ್ಟ. ಆ ಸೆಟ್ಟಿಂಗ್ ತೆಗೆದು ಅವನು ನುಡಿಸಿ ಐದು ವರ್ಷವಾಗಿರಬೇಕು. ಸ್ವರ ಕೆಳಗೆ ಕೂತಿತು. ಬೆರಳು ಸರಿಸಿದ, ಮೇಲಕ್ಕೆ ಹಾರಿತು. ಬೆವತ ಬೆರಳನ್ನು ಪ್ಯಾಂಟಿಗೆ ಒರೆಸಿ ಮತ್ತೆ ಇಟ್ಟ.

ಶಬ್ಬೀರ ನಗಲಿಲ್ಲ. ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡ.

"ಮಂಗಳವಾರ ಬರ್ತೀರಲ್ಲ ಅಂಕಲ್?" ಚಿನ್ಮಯ್ ತಲೆ ಎತ್ತದೆ ಕೇಳಿದ.

ಶಬ್ಬೀರ ಆ ಮಂಗಳವಾರ ಬರಲಿಲ್ಲ. ಆಮೇಲೂ ಆ ಮೆಟ್ಟಿಲು ಹತ್ತಲಿಲ್ಲ. ಜಗಳವಾದ ಆ ಸಂಜೆ ಅವನು ಗೇಟು ದಾಟಿ, ಸ್ಟೇಷನ್ನಿನ ದಾರಿ ಹಿಡಿಯುವವರೆಗೂ ಎರಡನೇ ಮಹಡಿಯ ಕಿಟಕಿಯಿಂದ ಒಂದೇ ಸ್ವರ ಕೇಳಿಸುತ್ತಿತ್ತು. ತುಸು ಕೆಳಗೆ, ತುಸು ಮೇಲೆ, ಮತ್ತೆ ಕೆಳಗೆ.